ಭಾವನ ಕೆಮ್ಮು

ಜುಲೈ 23, ಮಂಗಳವಾರ

ಅಕ್ಕನನ್ನು ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಆಸ್ಪತ್ರೆಯ ಕಿಡ್ನಿ ಯಂತ್ರಕ್ಕೆ ಸೇರಿಸಿ ಬಂದ ದಿನದಿಂದ ನನಗೆ ನಿದ್ದೆ ಇಲ್ಲ. ಮಾತ್ರೆ ಕೇಳಲು ಹೋದರೆ ಕ್ಲಿನಿಕ್ಕಿನ ನರ್ಸಮ್ಮ, "ಮಾತ್ರೆ ಬೇಡ ನೊಯ್ಲೀನ್, ಮಲಗೋ ಮುಂಚೆ ನಾಲ್ಕು ಸಾಲು ಬರಿ" ಎಂದಳು. ಬರೆಯಲು ಕೂತರೆ ನಮ್ಮ ಶಾಲೆಯ ಮಕ್ಕಳಿಗೆ ನಿದ್ದೆ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ನನಗೂ ಬರುತ್ತದೋ ನೋಡೋಣ.

ಇವತ್ತೂ ಬೆಳಗ್ಗೆ ಶಾಲೆಯ ಬಸ್ಸು ತೆಗೆದುಕೊಂಡು ಮನೆಮನೆ ಬಾಗಿಲು ತಟ್ಟಿದೆ. ತಟ್ಟಿ ಮಕ್ಕಳನ್ನು ಎಬ್ಬಿಸುವುದೇ ನನ್ನ ಕೆಲಸ. ಮೇಷ್ಟ್ರುಗಳೆಲ್ಲ ಬಿಳಿಯರು, ದಕ್ಷಿಣದಿಂದ ಬರುತ್ತಾರೆ, ಎರಡು ಬೇಸಿಗೆ ಕಂಡರೆ ಹೊರಟುಬಿಡುತ್ತಾರೆ. ಊರಿನವಳು ಅಂತ ಅಲ್ಲಿರುವುದು ನಾನೊಬ್ಬಳೇ. ಮಕ್ಕಳು ಬರದಿದ್ದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಅದರಲ್ಲೂ ಬರದಿರುವುದು ನನ್ನ ಅಕ್ಕನ ಮಗಳೇ. ಕೆಟೂರಾಗೆ ಹದಿನಾಲ್ಕು ವರ್ಷ. ಅಕ್ಕ ಊರು ಬಿಟ್ಟ ಮೇಲೆ ಅವಳು ಶಾಲೆಯ ಗೇಟು ದಾಟಿಲ್ಲ.

"ಏಳೇ, ಹೊತ್ತಾಯ್ತು" ಎಂದೆ.

"ಎದ್ದು ಆಗ್ಲೇ ಎರಡು ಸಲ ಅಪ್ಪನ ಮನೆ ಕಡೆ ಹೋಗ್ಬಂದೆ ಚಿಕ್ಕಮ್ಮ. ಅಜ್ಜಿಗೆ ಸೌದೆ ಬೇಕಂತೆ. ಅಪ್ಪಂಗೆ ಹೇಳಿದ್ರೆ, ದಪ್ಪದ್ದೋ ಸಣ್ಣದ್ದೋ ಕೇಳ್ಕೊಂಡ್ ಬಾ ಅಂತಾನೆ."

"ನಾಳೆ ಹೇಳು. ಸೌದೆ ಏನು ಓಡಿಹೋಗುತ್ತಾ?"

"ಹಾಗಾದ್ರೆ ನೀನೇ ಹೇಳ್ಬಿಡು."

"ನಂಗೆ ಇನ್ನೂ ಅರ್ಧ ಊರು ತಟ್ಟೋದಿದೆ ಕಣೇ" ಎಂದು ಬಸ್ಸು ಹತ್ತಿದೆ. ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಅಡ್ಡಗೆರೆ ಎಳೆದೆ.

ನಿದ್ದೆ ಇನ್ನೂ ಬಂದಿಲ್ಲ.

ಜುಲೈ 31, ಬುಧವಾರ

ಅಡಿಲೇಡಿನಿಂದ ಹ್ಯಾಮಿಶ್ ಅನ್ನುವವನು ಬಂದಿದ್ದಾನೆ. ಉದ್ದ ಕಾಲು, ಕೆಂಪು ಗಡ್ಡ, ಪೆಟ್ಟಿಗೆ ತುಂಬ ಕ್ಯಾಮೆರಾ. ಮೂಲನಿವಾಸಿ ಮಕ್ಕಳ ಕೈಯಲ್ಲಿ ಫಿಲ್ಮ್ ಮಾಡಿಸಿ ಅವರನ್ನು ಶಾಲೆಗೆ ಮರಳಿ ತರುವ ಯೋಜನೆಯಂತೆ. ಇಂಥವನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ವರ್ಷ ಸರ್ಕಸ್ಸು ಕಲಿಸಲು ಬಂದರು, ಇನ್ನೊಂದು ವರ್ಷ ಕೋಳಿ ಸಾಕಲು. ಕೋಳಿಗಳನ್ನು ನಾಯಿಗಳು ತಿಂದವು.

ಸಂಜೆ ಅವನನ್ನು ಅವ್ವನ ಮನೆಗೆ ಕರೆದುಕೊಂಡು ಹೋದೆ. ಅಂಗಳದ ಬೆಂಕಿಯ ಹತ್ತಿರ ಟೀ ಕುಡಿಯುತ್ತ ಕೂತಿದ್ದೆವು. ದಾರಿಯ ಪಕ್ಕ ಚಕ್ರವಿಲ್ಲದೆ ನಿಂತಿರುವ ಹಳೇ ಟೊಯೋಟಾದ ಹಿಂದಿನಿಂದ ಸೆಡ್ರಿಕ್ ಭಾವ ಕೆಮ್ಮಿದ. ಅವ್ವ ಎದ್ದು, ಕುರ್ಚಿ ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತಳು. ಭಾವ ಬಂದು, ಸೌದೆ ಇಳಿಸಿ, ನನ್ನ ಕಡೆ ಹಲ್ಲು ಕಿರಿದು, ಹೋದ. ಅವ್ವ ಕುರ್ಚಿಯನ್ನು ಈ ಕಡೆ ತಿರುಗಿಸಿಕೊಂಡು ಉಳಿದ ಟೀ ಕುಡಿದಳು.

"ಇಬ್ರಿಗೂ ಜಗಳಾನಾ?" ಎಂದು ಹ್ಯಾಮಿಶ್ ಪಿಸುಗುಟ್ಟಿದ.

"ಜಗಳ ಅಲ್ಲಪ್ಪ, ಮರ್ಯಾದೆ. ಅವನು ಅವಳ ಮಗಳನ್ನ ಮದ್ವೆ ಆದೋನು. ಅತ್ತೆ ಅಳಿಯ ಮುಖ ನೋಡಬಾರದು, ಮಾತಾಡಬಾರದು. ಏನಿದ್ರೂ ಇನ್ನೊಬ್ರ ಕೈಲಿ ಹೇಳಿಸ್ಬೇಕು."

"ಎಷ್ಟು ದಿನ?"

"ಬದುಕಿರೋ ತನಕ."

ಅವನು ಬಹಳ ಹೊತ್ತು ಯೋಚಿಸಿ, ಹೋಗುವಾಗ ಚೀಲದಿಂದ ಕೆಮ್ಮಿನ ಸಿರಪ್ಪು ತೆಗೆದು, ಪಾಪ ಅವರಿಗೆ ಕೊಡಿ ಅಂದ. ಒಯ್ದು ಕೊಟ್ಟೆ. ಭಾವ ನಕ್ಕು ನಕ್ಕು ನಿಜವಾಗಿಯೇ ಕೆಮ್ಮಿದ.

ಆಗಸ್ಟ್ 8, ಗುರುವಾರ

ಕೋಳಿಯವರಿಗಿಂತ ಇವನು ವಾಸಿ. ಹುಡುಗರು ಕ್ಯಾಮೆರಾ ಹಿಡಿದು ನಾಯಿ, ಫುಟಿ ಚೆಂಡಾಟ, ಪ್ರಿನ್ಸಿಪಾಲಮ್ಮನ ಹಿಂಭಾಗ ಎಲ್ಲವನ್ನೂ ತೆಗೆದಿದ್ದಾರೆ. ತರಗತಿ ತುಂಬಿದೆ.

ಕೆಟೂರಾ ಮೂರು ದಿನ ಬೇಲಿಯ ಆಚೆ ನಿಂತು ನೋಡಿದಳು. ಹ್ಯಾಮಿಶ್ ಒಳಗೆ ಬಾ ಅನ್ನಲಿಲ್ಲ, ಬೇಲಿಯ ಮೇಲಿಂದ ಕ್ಯಾಮೆರಾ ಕೊಟ್ಟುಬಿಟ್ಟ. ಬ್ಯಾಟರಿ ಮುಗಿದಾಗ ಚಾರ್ಜ್ ಮಾಡಲು ಅವಳೇ ಒಳಗೆ ಬರಬೇಕಾಯಿತು. ಉಪಾಯಗಾರ! ಒಳಗೆ ಬಂದವಳು ಊಟದ ಗಂಟೆ ಹೊಡೆದರೂ ಹೋಗಲಿಲ್ಲ. ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಸರಿ ಗುರುತು ಹಾಕಿದೆ. ಪ್ರಿನ್ಸಿಪಾಲಮ್ಮ ನನ್ನ ಬೆನ್ನು ತಟ್ಟಿ, "ನೊಯ್ಲೀನ್, ಇದು ನಿಮ್ಮಿಂದ ಆದದ್ದು" ಎಂದರು. ನಾನು ಇಲ್ಲ ಅನ್ನಲಿಲ್ಲ.

ಆಗಸ್ಟ್ 16, ಶುಕ್ರವಾರ

ಕೆಟೂರಾ ಈಗ ನಾನು ಬಾಗಿಲು ತಟ್ಟುವ ಮೊದಲೇ ಶಾಲೆಯಲ್ಲಿರುತ್ತಾಳೆ. ಅಜ್ಜಿಯ ಒರತೆಯ ಬಗ್ಗೆ ಅವಳ ಫಿಲ್ಮು. ಸೋಮವಾರ ಅವ್ವನನ್ನು ಬಸ್ಸಿನಲ್ಲಿ ಒರತೆಯ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅವ್ವನ ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದು ಅಷ್ಟಕ್ಕಷ್ಟೇ. ಆದರೂ ಮರಳಿನ ಮೇಲೆ ಕೂತು, ಚಿಕ್ಕಂದಿನಲ್ಲಿ ಮರದ ಮೊಗೆಯಿಂದ ಮರಳು ತೋಡಿ ನೀರು ತೆಗೆದದ್ದನ್ನು ಚೆನ್ನಾಗಿ ಹೇಳಿದಳು. ಕೊನೆಗೆ, "ಆಗ ನಮ್ಮಪ್ಪ ತೋಡ್ತಿದ್ದ. ಈಗ ಯಾರು ತೋಡ್ತಾರೆ ಇದನ್ನ?" ಎಂದು ಬಲಗಡೆ ದೂರ ನೋಡಿದಳು.

ಯಾರು ತೋಡುತ್ತಾರೆಂದು ಊರಿಗೆಲ್ಲ ಗೊತ್ತು. ಪ್ರತಿ ವರ್ಷ ಸೆಡ್ರಿಕ್ ಭಾವನೇ ಹೋಗಿ ತೋಡಿ, ಸತ್ತ ಪಕ್ಷಿಗಳನ್ನು ತೆಗೆದು, ಮೇಲೆ ಕೊಂಬೆ ಮುಚ್ಚಿ ಬರುತ್ತಾನೆ. ಅತ್ತೆಯ ಒರತೆ, ಅಳಿಯನ ಕೆಲಸ. ಅವ್ವನಿಗೂ ಗೊತ್ತು. ಅವನ ಹೆಸರು ಅವಳ ಬಾಯಲ್ಲಿ ಬರಬಾರದು, ಅಷ್ಟೆ.

ಬುಧವಾರ ಕೆಟೂರಾ ಅಪ್ಪನನ್ನೂ ಅಲ್ಲೇ ಫಿಲ್ಮು ತೆಗೆದಳು. ಉಳಿದ ದಿನಗಳಲ್ಲಿ ಕ್ಯಾಮೆರಾ ಸೊಂಟಕ್ಕೆ ಕಟ್ಟಿಕೊಂಡು ಅಜ್ಜಿ ಮನೆಯಿಂದ ಅಪ್ಪನ ಮನೆಗೆ ನಡೆದಳು, ಮತ್ತೆ ನಡೆದಳು. ಬರೀ ದಾರಿ! ಕೆಂಪು ಮಣ್ಣು, ಅವಳ ಕಾಲು, ನಾಯಿ, ಇರುವೆ.

"ಇದರಲ್ಲಿ ಏನಿದೆಯೇ?" ಎಂದೆ.

"ಇರಲಿ ಬಿಡು ಚಿಕ್ಕಮ್ಮ" ಎಂದಳು. ಹುಡುಗಿಗೆ ಮಾತು ಕಡಿಮೆ.

ಆಗಸ್ಟ್ 23, ಶುಕ್ರವಾರ

ಭಾವ ಕೆಟೂರಾಳನ್ನು ಕರೆದುಕೊಂಡು ಅಕ್ಕನನ್ನು ನೋಡಲು ಆಲಿಸ್‌ಗೆ ಹೋಗಿದ್ದಾನೆ. ಇತ್ತ ಹ್ಯಾಮಿಶ್ ಬೆಳಗ್ಗೆ ತಲೆ ಮೇಲೆ ಕೈ ಹೊತ್ತು ಬಂದ. ಆಲಿಸ್‌ನಲ್ಲಿ ಶಾಲಾಮಕ್ಕಳ ಫಿಲ್ಮುಗಳ ಪ್ರದರ್ಶನವಿದೆ, ಸೋಮವಾರದೊಳಗೆ ಕಳಿಸಬೇಕು, ಹತ್ತು ನಿಮಿಷ ಮೀರುವಂತಿಲ್ಲ. ಕೆಟೂರಾಳದ್ದು ಹದಿಮೂರು.

"ಹೇಗೆ ಕತ್ತರಿಸೋದು ಅಂತ ನಿಮಗೆ ತೋರಿಸಿದ್ದೀನಲ್ಲ. ನೀವು ಅವಳ ಚಿಕ್ಕಮ್ಮ, ನಿಮಗೇ ಗೊತ್ತಾಗುತ್ತೆ ಏನು ತೆಗೀಬೇಕು ಅಂತ" ಎಂದು ಅವನು ಚಿಕ್ಕ ಮಕ್ಕಳನ್ನು ಸಂಭಾಳಿಸಲು ಹೋದ.

ಕೂತೆ. ಏನು ತೆಗೆಯಬೇಕೆಂದು ಹುಡುಕಬೇಕಾಗಿಯೇ ಇರಲಿಲ್ಲ. ಅವ್ವನ ಮಾತಿಗೂ ಭಾವನ ಮಾತಿಗೂ ನಡುವೆ ಆ ದಾರಿ ಬಿದ್ದುಕೊಂಡಿತ್ತು, ಮೂರು ನಿಮಿಷ. ಅದರ ಕೊನೆಯಲ್ಲಿ ಭಾವನ ಕೆಮ್ಮು ಬೇರೆ, ಅದನ್ನೂ ತೆಗೆದೆ. ಆಮೇಲೆ ಕ್ಯಾಮೆರಾ ಹಿಂದಿನಿಂದ ಕೆಟೂರಾ ಏನೋ ಕೇಳುವುದು ಬರುತ್ತಿತ್ತು. ಪಕ್ಕದಲ್ಲಿ ಪ್ರಿನ್ಸಿಪಾಲಮ್ಮನ ಮೀಟಿಂಗು ನಡೆಯುತ್ತಿದ್ದುದರಿಂದ ಸದ್ದು ತೀರ ಸಣ್ಣಗೆ ಇಟ್ಟಿದ್ದೆ, ಏನು ಕೇಳಿದಳೋ ತಿಳಿಯಲಿಲ್ಲ. ಅದೂ ಹೋಯಿತು. ಕೆಳಗೆ ಓಡುವ ಅಂಕಿಗಳ ಮೇಲೆ ಕಣ್ಣಿಟ್ಟು ಕತ್ತರಿಸುತ್ತ ಹೋದೆ. ಸರಿಯಾಗಿ ಹತ್ತು! ಈ ವಯಸ್ಸಿನಲ್ಲಿ ಹೊಸ ವಿದ್ಯೆ. ಖುಷಿಯಾಯಿತು.

ಆಗಸ್ಟ್ 26, ಸೋಮವಾರ

ಕಳಿಸಿಯಾಯಿತು. ಕಳಿಸುವ ಮುಂಚೆ ಹ್ಯಾಮಿಶ್ ನೋಡಿ ಕುಣಿದಾಡಿದ. "ನೊಯ್ಲೀನ್, ಎಂಥ ಕೈ ನಿಮ್ದು! ಈಗ ನೋಡಿ, ಇಬ್ರೂ ಎದುರುಬದರು ಕೂತು ಮಾತಾಡ್ತಿದ್ದಾರೇನೋ ಅನ್ನಿಸುತ್ತೆ."

ಹೊಟ್ಟೆಯಲ್ಲಿ ಏನೋ ಚುಚ್ಚಿತು. ಬೆಳಗ್ಗೆ ಏನೂ ತಿಂದಿರಲಿಲ್ಲ, ಹಸಿವಿರಬೇಕು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು.

ಗುರುವಾರ ಊರವರಿಗೆಲ್ಲ ತೋರಿಸುತ್ತಾರಂತೆ.

ಆಗಸ್ಟ್ 29, ಗುರುವಾರ

ಬರೆಯಲೇಬೇಕು.

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಬಿಳಿ ಚಾದರ ಕಟ್ಟಿದ್ದರು. ಊರೆಲ್ಲ ಬಂದಿತ್ತು. ಅವ್ವ ಹೆಂಗಸರ ಜೊತೆ ಮುಂದೆ, ಭಾವ ಗಂಡಸರ ಜೊತೆ ಎಲ್ಲರಿಗಿಂತ ಹಿಂದೆ. ಕೆಟೂರಾ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಹುಡುಗರ ನಾಯಿ ಫಿಲ್ಮಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅವ್ವ ಬಂದಳು, ಚಾದರದಷ್ಟು ದೊಡ್ಡ ಅವ್ವ. "ಈಗ ಯಾರು ತೋಡ್ತಾರೆ ಇದನ್ನ?" ಎಂದು ಬಲಗಡೆ ನೋಡಿದಳು.

ತಕ್ಷಣ ಭಾವನ ಮುಖ, ಎಡಗಡೆ ನೋಡುತ್ತ, ಹಲ್ಲು ಕಿರಿಯುತ್ತ: "ಕಣ್ಣು ಕಾಣಲ್ವಾ ನಿಂಗೆ? ನಾನೇ ತೋಡೋದು, ಮತ್ಯಾರು!"

ಮಗಳಿಗೆ ತಮಾಷೆಗೆ ಅಂದ ಮಾತು ಅದು. ಮಗಳ ಪ್ರಶ್ನೆಯನ್ನು ನಾನು ತೆಗೆದುಹಾಕಿದ್ದೆ. ಈಗ ಅಳಿಯ ಅತ್ತೆಯ ಮುಖಕ್ಕೆ ಮುಖ ಕೊಟ್ಟು, ಪೊರೆ ಬಂದ ಕಣ್ಣಿನ ಮುದುಕಿಗೆ, ಊರೆಲ್ಲರ ಮುಂದೆ ಹಾಗಂದ.

ಅವ್ವ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ನೆಲಕ್ಕೆ ಬಗ್ಗಿಬಿಟ್ಟಳು. ಹೆಂಗಸರು ಕಿರುಚಿಕೊಂಡರು. ಹಿಂದೆ ಭಾವನ ಕುರ್ಚಿ ಉರುಳಿದ ಸದ್ದಾಯಿತು, ತಿರುಗಿದರೆ ಅವನು ಕತ್ತಲೆಯಲ್ಲಿ ಹೋಗಿಯಾಗಿತ್ತು. ಹ್ಯಾಮಿಶ್ ಏನಾಯ್ತು ಏನಾಯ್ತು ಅನ್ನುತ್ತ ಅತ್ತಿಂದಿತ್ತ ಓಡಿದ. ಲೋರ್ನಾ ಮುದುಕಿ ಎದ್ದು ನಿಂತು, "ಯಾರದು ಈ ಕೆಲಸ? ಯಾರು ಮಾಡಿದ್ದು ಇದನ್ನ?" ಎಂದು ಕೋಲು ಎತ್ತಿದಳು.

ಕೆಟೂರಾ ನನ್ನನ್ನು ನೋಡಿದಳು. ನಾನು ಚಾದರ ನೋಡಿದೆ.

"ನಂದೇ ಫಿಲ್ಮು" ಎಂದಳು ಕೆಟೂರಾ.

ಆಗಸ್ಟ್ 30, ಶುಕ್ರವಾರ

ನಾನು ಬಾಯಿ ಬಿಡಲಿಲ್ಲ.

ಸೆಪ್ಟೆಂಬರ್ 2, ಸೋಮವಾರ

ಕೆಟೂರಾ ಅಡ್ಡಗೆರೆ. ಅವಳು ಲೋರ್ನಾಳ ಮನೆಯಲ್ಲಿ, ಮೊಮ್ಮಗಳ ಜೊತೆ, ಬಾಗಿಲು ಹಾಕಿಕೊಂಡು ಮಲಗಿದ್ದಾಳೆ. ಅಜ್ಜಿಗೆ ಮುಖ ತೋರಿಸಲಾರಳು, ಅಪ್ಪನಿಗೂ. ಸ್ಟೋರಿನ ಮುಂದೆ ಹುಡುಗರು ಒಬ್ಬರಿಗೊಬ್ಬರು "ಕಣ್ಣು ಕಾಣಲ್ವಾ ನಿಂಗೆ?" ಅಂದುಕೊಂಡು ನಗುತ್ತಿದ್ದರು. ನಾನು ಹೋಗುತ್ತಲೇ ನಿಂತಿತು. ನನಗೆ ಗೌರವ ಕೊಟ್ಟು ನಿಲ್ಲಿಸಿದರು.

ನಾನು ಬೇಕಂತ ಮಾಡಿದ್ದಲ್ಲ. ಹ್ಯಾಮಿಶ್ ಅವಸರ ಮಾಡಿದ. ಆಲಿಸ್‌ನವರು ಹತ್ತೇ ನಿಮಿಷ ಅಂದರು. ಸದ್ದು ಸಣ್ಣಗಿತ್ತು. ಯಾರಿಗಾದರೂ ಆಗಬಹುದಿತ್ತು.

ಸೆಪ್ಟೆಂಬರ್ 3, ಮಂಗಳವಾರ

ಯಾರಿಗಾದರೂ ಆಗುತ್ತಿರಲಿಲ್ಲ. ಹ್ಯಾಮಿಶನಿಗೆ ಆಗಬಹುದಿತ್ತು, ಅವನು ಹೊರಗಿನವನು. ನಮ್ಮವ್ವ ಟಿಲ್ಲಿಯ ಮಗಳಾದ ನನಗೆ ಹೇಗಾಯಿತು? ಅವ್ವನ ಹೊಟ್ಟೆಯಲ್ಲಿ ಹುಟ್ಟಿ, ಆ ಕೆಮ್ಮನ್ನು ಇಷ್ಟು ವರ್ಷ ಕೇಳಿ, ಅದನ್ನು ಗಲಾಟೆ ಅಂತ ತೆಗೆದು ಎಸೆದವಳು ನಾನು. ಅವನು 'ಎದುರುಬದರು' ಅಂದಾಗ ಚುಚ್ಚಿದ್ದು ಹಸಿವಲ್ಲ. ಆಗಲೇ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ಬೆನ್ನು ತಟ್ಟಿಸಿಕೊಳ್ಳುವ ಆಸೆ.

ಆಲಿಸ್‌ಗೆ ಕಳಿಸಿದ್ದನ್ನು ವಾಪಸು ತರಿಸು ಎಂದು ಹ್ಯಾಮಿಶನಿಗೆ ಹೇಳಿದೆ. ಯಾಕೆ ಅಂತ ಅರ್ಧ ಮಾತ್ರ ಹೇಳಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು ಆಗಿಂದಾಗಲೇ ಫೋನು ಮಾಡಿದ.

ಸೆಪ್ಟೆಂಬರ್ 5, ಗುರುವಾರ

ಅವ್ವ ಅಂಗಳಕ್ಕೆ ಬರುವುದಿಲ್ಲ. ಒಳಗೆ ಕತ್ತಲಲ್ಲಿ ಕೂತಿರುತ್ತಾಳೆ. ಬೆಂಕಿಯ ಜಾಗದಲ್ಲಿ ಬರೀ ಬೂದಿ.

"ಸೌದೆ ಇಲ್ವಾ ಅವ್ವ?"

"ಯಾರು ಹೇಳ್ತಾರೆ, ಯಾರು ತರ್ತಾರೆ?" ಎಂದಳು. ಹೊದಿಕೆ ಎಳೆದುಕೊಂಡು, "ಆ ಹುಡುಗಿ ಹಾಗೆ ಮಾಡೋಳಲ್ಲ ಕಣೇ. ಅವಳಿಗೆ ಬುದ್ಧಿ ಇತ್ತು" ಎಂದಳು.

ಹೇಳಬೇಕಿತ್ತು. ಬಾಯಿ ತೆರೆದೆ. "ಟೀ ಮಾಡ್ಲಾ?" ಎಂದೆ.

ಆಮೇಲೆ ಭಾವನ ಮನೆಗೆ ನಡೆದೇ ಹೋದೆ. ಬಸ್ಸಿಗೆ ಆ ಜಾಡು ಇಕ್ಕಟ್ಟು. ಇಷ್ಟು ದೂರವಿದೆ ಅಂತ ಗೊತ್ತಿರಲಿಲ್ಲ. ಭಾವ ಬಾಗಿಲಲ್ಲಿ ಕೂತು ಬೂಟಿನ ಮರಳು ಕೊಡವುತ್ತಿದ್ದ. ನನ್ನನ್ನು ಕಂಡರೆ ಏನಾದರೊಂದು ತಮಾಷೆ ಮಾಡದೆ ಬಿಡುವವನಲ್ಲ, ಇವತ್ತು ತಲೆ ಎತ್ತಲಿಲ್ಲ. ಸೌದೆ ಬೇಕಂತೆ ಎಂದೆ. ದಪ್ಪದ್ದೋ ಸಣ್ಣದ್ದೋ ಎಂದು ಕೇಳಿದ. ಕೇಳಿಕೊಂಡು ಬಂದಿರಲಿಲ್ಲ. ವಾಪಸು ನಡೆದೆ.

ಸೆಪ್ಟೆಂಬರ್ 9, ಸೋಮವಾರ

ಬೆಳಗ್ಗೆ: ಅವ್ವನಿಗೆ ಹಿಟ್ಟು ಬೇಕು, ಭಾವನಿಗೆ ಹೇಳಿದೆ. ಭಾವ ಕಾಂಗರೂ ಬಾಲ ಕೊಟ್ಟ, ಅವ್ವನಿಗೆ ತಂದೆ. ಕಣ್ಣಿನ ಡಾಕ್ಟರು ಯಾವಾಗ ಬರುತ್ತಾರೆ ಅಂತ ಅವ್ವ ಕೇಳಿದಳು. ಭಾವ ಕ್ಲಿನಿಕ್ಕಿನ ಡ್ರೈವರು, ಅವನಿಗೆ ಗೊತ್ತು, ಕೇಳಲು ಹೋದೆ. ಬುಧವಾರವಂತೆ, ಹೇಳಲು ಬಂದೆ. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆದುಬಿಟ್ಟಿತ್ತು. ಪ್ರಿನ್ಸಿಪಾಲಮ್ಮ ನಾನು ತಡವಾಗಿ ಬಂದದ್ದನ್ನು ಗಡಿಯಾರ ನೋಡಿಯೇ ತೋರಿಸಿದರು.

ಟೊಯೋಟಾದ ಹತ್ತಿರ ಇರುವೆಗಳು ದಾರಿಗೆ ಅಡ್ಡವಾಗಿ ಸಾಲು ಕಟ್ಟುತ್ತವೆ. ಕಾಲು ಎತ್ತಿ ದಾಟಬೇಕು. ಫಿಲ್ಮಿನಲ್ಲಿ ಅವಳ ಕಾಲೂ ಅಲ್ಲಿ ಎತ್ತರಕ್ಕೆ ಎದ್ದಿತ್ತು.

ಸೆಪ್ಟೆಂಬರ್ 11, ಬುಧವಾರ

ಭಾವ ಇವತ್ತು ಸೌದೆ ತಂದ. ಟೊಯೋಟಾದ ಹತ್ತಿರ ಕೆಮ್ಮಲಿಲ್ಲ. ಕೆಮ್ಮಲೂ ನಾಚಿಕೆ. ಅಲ್ಲೇ ರಾಶಿ ಹಾಕಿ ಹೋದ. ನಾನು ತೋಳು ತುಂಬ ಎತ್ತಿಕೊಂಡು ನಾಲ್ಕು ಸಲ ಓಡಾಡಿ ಅವ್ವನ ಅಂಗಳಕ್ಕೆ ಹಾಕಿದೆ.

ಬೆನ್ನಟ್ಟಿ ಹೋಗಿ ಕೇಳಿದೆ, "ಯಾಕೆ ಭಾವ, ಅಷ್ಟು ದೂರದಲ್ಲೇ?"

"ಶನಿವಾರ ಕೆಟೂರಾನ ಕರ್ಕೊಂಡು ನಮ್ಮಕ್ಕನ ಊರಿಗೆ ಹೋಗ್ತಿದೀನಿ. ಗಡಿಯಾಚೆ. ಅಲ್ಲೇ ಬಿಟ್ಟು ಬರ್ತೀನಿ. ಇಲ್ಲಿ ಅವಳು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ನಾನೂ ಇಲ್ಲ."

"ಅಲ್ಲಿ ಅವಳ ವಯಸ್ಸಿನೋರಿಗೆ ಸ್ಕೂಲೇ ಇಲ್ಲ."

"ಸ್ಕೂಲು!" ಎಂದು ಅವನು ಉಗುಳಿದ. "ಸ್ಕೂಲಿಗೆ ಕಳ್ಸಿದ್ದಕ್ಕೆ ತಾನೆ ಇಷ್ಟೆಲ್ಲಾ ಆಗಿದ್ದು, ನೊಯ್ಲೀನ್. ನೀನೇ ಬಾಗಿಲು ತಟ್ಟಿ ತಟ್ಟಿ ಕಳ್ಸಿದ್ದು."

ಸೆಪ್ಟೆಂಬರ್ 12, ಗುರುವಾರ

ಕೆಟೂರಾಳನ್ನು ಹುಡುಕಿಕೊಂಡು ಹೋದೆ. ಲೋರ್ನಾಳ ಮನೆಯ ಹಿಂದೆ ನೀರಿನ ಟ್ಯಾಂಕಿನ ನೆರಳಲ್ಲಿ ಒಬ್ಬಳೇ ಕೂತಿದ್ದಳು. ಬಾಚಿರಲಿಲ್ಲ.

"ಯಾಕೇ ನಂದು ಅಂತ ಒಪ್ಕೊಂಡೆ?"

"ಮತ್ತೆ? ಫಿಲ್ಮು ನಂದೇ ತಾನೆ."

"ಕತ್ತರಿಸಿದ್ದು ನಾನು ಅಂತ ನಿಂಗೆ ಗೊತ್ತಿತ್ತು."

"ಹ್ಞೂಂ." ಮಣ್ಣಿನಲ್ಲಿ ಬೆರಳಾಡಿಸಿದಳು. "ನೀನು ಅಮ್ಮನ ತಂಗಿ. ನೀನೂ ಅಮ್ಮನೇ. ನಿನ್ ಮೇಲೆ ಹೇಗೆ ಹೇಳ್ಲಿ? ಆಮೇಲೆ ನಿನ್ನೂ ಸ್ಕೂಲಿಂದ ಕಳ್ಸಿಬಿಟ್ರೆ ಚಿಕ್ಕ ಮಕ್ಕಳನ್ನ ಯಾರು ಎಬ್ಬಿಸ್ತಾರೆ? ಆ ಬಿಳಿಯರಿಗೆ ಯಾವ ಬಾಗಿಲು ಅಂತಾನೂ ಗೊತ್ತಿಲ್ಲ."

ನನಗೆ ಅಳು ಬಂತು. ಅತ್ತುಬಿಟ್ಟೆ. ಅವಳು ಅಳಲಿಲ್ಲ. ನಾನು ಮೂಗು ಒರೆಸಿಕೊಳ್ಳುವ ತನಕ ಕಾದು ಒಂದೇ ಒಂದು ಕೇಳಿದಳು:

"ಚಿಕ್ಕಮ್ಮ, ದಾರಿ ಎಲ್ಲಿಟ್ಟಿದ್ದೀಯ? ಬಿಸಾಕಿಬಿಟ್ಯಾ?"

ನನಗೆ ಗೊತ್ತಿರಲಿಲ್ಲ. ಶಾಲೆಗೆ ಓಡಿದೆ. ಹ್ಯಾಮಿಶ್ ನಕ್ಕು, ಕಂಪ್ಯೂಟರಿನೊಳಗೆ ಎಲ್ಲ ಭದ್ರವಾಗಿದೆ, ಕತ್ತರಿಸಿದ್ದು ಎಲ್ಲಿಗೂ ಹೋಗುವುದಿಲ್ಲ ಎಂದ. ಅವನಿಗೆ ಎಲ್ಲ ಹೇಳಿದೆ, ಈ ಸಲ ಪೂರ್ತಿ. ಪ್ರಿನ್ಸಿಪಾಲಮ್ಮನಿಗೂ ಹೇಳಿದೆ. ಅವರು ನನ್ನ ಬೆನ್ನು ತಟ್ಟಲಿಲ್ಲ, ಕೆಲಸದಿಂದ ತೆಗೆಯುತ್ತೇನೆ ಅಂತಲೂ ಅನ್ನಲಿಲ್ಲ. ಯೋಚನೆ ಮಾಡುತ್ತೇನೆ ಎಂದರು.

ಆದರೆ ಬಿಳಿಯರಿಗೆ ಹೇಳುವುದು ಸುಲಭ.

ಸೆಪ್ಟೆಂಬರ್ 13, ಶುಕ್ರವಾರ

ನಮ್ಮಲ್ಲಿ ದೊಡ್ಡ ಮಾತನ್ನು ನಾಲ್ಕು ಗೋಡೆಯೊಳಗೆ ಹೇಳುವುದಿಲ್ಲ. ಬೆಳಕು ಹರಿಯುವಾಗ, ಎಲ್ಲರೂ ಹಾಸಿಗೆಯಲ್ಲಿರುವಾಗ, ಬಯಲಲ್ಲಿ ನಿಂತು ಯಾರ ಮುಖವನ್ನೂ ನೋಡದೆ ಕೂಗಿ ಹೇಳಬೇಕು. ಚಿಕ್ಕಂದಿನಲ್ಲಿ ಅವ್ವ ಹಾಗೆ ಕೂಗುತ್ತಿದ್ದಳು, ನಾನು ಹೊದಿಕೆಯೊಳಗೆ ಮುದುಡಿಕೊಂಡು ಕೇಳುತ್ತಿದ್ದೆ. ನಾನು ಯಾವತ್ತೂ ಕೂಗಿರಲಿಲ್ಲ.

ಟೊಯೋಟಾದ ಹತ್ತಿರ ನಿಂತೆ. ಅಲ್ಲಿಂದ ಎರಡೂ ಮನೆಗೆ ಕೇಳಿಸುತ್ತದೆ. ಮೊದಲು ದನಿಯೇ ಹೊರಡಲಿಲ್ಲ. ನಾಯಿಗಳು ಬೊಗಳಿದವು. ಆಮೇಲೆ ಹೊರಟಿತು.

"ಕೇಳ್ರಪ್ಪ ಎಲ್ರೂ! ಆ ಹುಡುಗಿದು ತಪ್ಪಿಲ್ಲ! ಅವಳು ಅಜ್ಜಿನ ಒಂದ್ ಕಡೆ ಇಟ್ಟಿದ್ಲು, ಅಪ್ಪನ್ನ ಒಂದ್ ಕಡೆ ಇಟ್ಟಿದ್ಲು, ಮಧ್ಯ ದಾರಿ ಇಟ್ಟಿದ್ಲು! ದಾರಿ ಕಿತ್ತೋಳು ನಾನು! ಟಿಲ್ಲಿ ಮಗಳು ನೊಯ್ಲೀನ್! ಕೆಮ್ಮು ತೆಗೆದೋಳೂ ನಾನು! ಅವಳ ಹಿಂದೆ ಬಚ್ಚಿಟ್ಕೊಂಡು ಕೂತಿದ್ದೋಳೂ ನಾನು! ಬಯ್ಯೋದಿದ್ರೆ ನಂಗೆ ಬಯ್ರಿ!"

ಎಷ್ಟೋ ಹೊತ್ತು ಕೂಗಿದೆ. ಹೇಳಿದ್ದನ್ನೇ ಹೇಳಿದೆ. ಬಾಗಿಲುಗಳು ಒಂದೊಂದಾಗಿ ತೆರೆದವು, ಯಾರೂ ಹೊರಗೆ ಬರಲಿಲ್ಲ. ಹಾಗೆ ಬರಬಾರದು.

ಅವ್ವ ಮಾತ್ರ ಬಂದಳು. ಅಗೆಯುವ ಕೋಲು ಊರಿಕೊಂಡು, ದಾರಿ ತಡವರಿಸುತ್ತ, ನನ್ನ ಹತ್ತಿರ ಬಂದು ಅದೇ ಕೋಲಿನಿಂದ ಮೊಣಕಾಲಿನ ಕೆಳಗೆ ಒಂದು ಬಿಟ್ಟಳು. ಚೆನ್ನಾಗಿಯೇ ಬಿತ್ತು.

"ನಂಗೆ ಕಣ್ಣು ಕಾಣಲ್ಲ. ನಿಂಗೇನು ಬಂದಿತ್ತು?" ಎಂದಳು.

ಕಾಲು ಉಜ್ಜಿಕೊಂಡೆ.

ತಿರುಗಿ ನಾಲ್ಕು ಹೆಜ್ಜೆ ಹೋಗಿ, "ಸೌದೆ ಮುಗೀತಾ ಬಂದಿದೆ. ದಪ್ಪದ್ದು. ಅವಳಪ್ಪಂಗೆ ಹೇಳು" ಎಂದಳು.

ಕುಂಟಿಕೊಂಡು ಹೋಗಿ ಹೇಳಿದೆ. ಎರಡು ಹೊಸ ಕಂಬಳಿ ತೆಗೆದುಕೊಂಡಿದ್ದೆ, ಒಂದು ಅವ್ವನಿಗೆ, ಒಂದು ಭಾವನಿಗೆ. ನಾಚಿಕೆ ತಂದವರು ಹೊದಿಸಬೇಕು. ಭಾವ ಕಂಬಳಿ ತೆಗೆದುಕೊಂಡು ಮುಟ್ಟಿ ನೋಡಿ, "ಸ್ಟೋರಿನ ಕಂಬಳಿ. ಒಂದೇ ಚಳಿಗಾಲ ಬರುತ್ತೆ" ಎಂದ. ತಮಾಷೆಯೋ ಏನೋ. ಶನಿವಾರ ಹೋಗುವುದರ ಮಾತು ತೆಗೆಯಲಿಲ್ಲ.

ಕೆಟೂರಾಳ ಮುಖ ನೆನಪಾಗುತ್ತದೆ. ಅವ್ವ ಇನ್ನೊಂದೆರಡು ಹೊಡೆಯಬೇಕಿತ್ತು.

ಸೆಪ್ಟೆಂಬರ್ 14, ಶನಿವಾರ

ಭಾವನ ಗಾಡಿ ಮನೆಯ ಮುಂದೆಯೇ ಇದೆ. ಮೂರು ಸಲ ಹೋಗಿ ನೋಡಿ ಬಂದೆ.

ಸೆಪ್ಟೆಂಬರ್ 17, ಮಂಗಳವಾರ

ಕೆಟೂರಾ ಶಾಲೆಗೆ ಬಂದಳು. ಗೇಟಿನಲ್ಲಿ ಹುಡುಗನೊಬ್ಬ "ಕಣ್ಣು ಕಾಣಲ್..." ಎಂದು ಶುರು ಮಾಡಿದ. ಲೋರ್ನಾಳ ಮೊಮ್ಮಗಳು ಅವನ ಕಿವಿ ಹಿಡಿದು, "ಅದು ನೊಯ್ಲೀನ್ ಚಿಕ್ಕಮ್ಮಂಗೆ ಹೇಳೋ" ಎಂದಳು. ಹುಡುಗ ನನ್ನನ್ನು ನೋಡಿ ಅಂದೇಬಿಟ್ಟ. ಎಲ್ಲರೂ ನಕ್ಕರು. ಇನ್ನು ಈ ಮಾತು ನಾನು ಸಾಯುವ ತನಕ ನನಗೇ. ಇರಲಿ.

ಅವಳು ಹ್ಯಾಮಿಶನ ಪಕ್ಕ ಕೂತು ದಾರಿಯನ್ನು ವಾಪಸು ಜೋಡಿಸಿದಳು. ನಡುವೆ ಎರಡು ಸಲ ಎದ್ದು, "ಅಜ್ಜಿಗೆ ಮಾತ್ರೆ ಹೊತ್ತು, ಅಪ್ಪಂಗೆ ಹೇಳ್ಬೇಕು" ಎಂದಳು. "ಕೂತ್ಕೋ" ಎಂದು ನಾನೇ ಹೋಗಿಬಂದೆ. ಫಿಲ್ಮು ಈಗ ಮತ್ತೆ ಹದಿಮೂರು ನಿಮಿಷ. ಆಲಿಸ್‌ನವರು ತೆಗೆದುಕೊಳ್ಳುವುದಿಲ್ಲ. ಪ್ರಿನ್ಸಿಪಾಲಮ್ಮನಿಗೆ ಬೇಸರ. ಕೆಟೂರಾಳನ್ನು ಕೇಳಿದರೆ, "ಆಲಿಸ್‌ನೋರಿಗೆ ಯಾಕೆ? ಇದು ಅಜ್ಜಿಗೆ" ಎಂದಳು.

ಸೆಪ್ಟೆಂಬರ್ 19, ಗುರುವಾರ

ಇವತ್ತು ಮತ್ತೆ ತೋರಿಸಿದರು. ಬೆಳಗ್ಗೆ ಅವ್ವನಿಂದ ಭಾವನಿಗೆ, ಭಾವನಿಂದ ಅವ್ವನಿಗೆ ಮಾತು ಹೊತ್ತು ಹೊತ್ತು ನನಗೆ ಸಾಕಾಯಿತು. ಅವ್ವ ಬರುವುದಾದರೆ ನಾನು ಬರಲ್ಲ ಅಂತ ಅವನು. ಅವನ ಮಗಳ ಫಿಲ್ಮು, ಅವನೇ ಬರದಿದ್ದರೆ ನಾನು ಯಾಕೆ ಅಂತ ಇವಳು. ಕೊನೆಗೆ ಭಾವನೇ ಉಪಾಯ ಹೇಳಿದ: ಚಾದರದ ಆಚೆ, ಹಿಂಬದಿ ಕೂರುತ್ತೇನೆ, ಚಿತ್ರ ಉಲ್ಟಾ ಕಂಡರೆ ಕಾಣಲಿ. ಈ ಓಡಾಟದಲ್ಲಿ ಹಾಜರಿ ಬರೆಯುವುದೇ ಮರೆತುಹೋಯಿತು. ನಾಳೆ ಕೇಳುತ್ತಾರೆ.

ಅವ್ವ ಮುಂದಿನ ಸಾಲಿನಲ್ಲಿ, ತನ್ನ ಮನೆಯ ಕುರ್ಚಿ ಹೊರಿಸಿಕೊಂಡು ಬಂದಿದ್ದಳು. ಹೊಸ ಕಂಬಳಿ ಹೊದ್ದಿದ್ದಳು. ನಾನು ಅವಳ ಹಿಂದೆ ನೆಲದ ಮೇಲೆ. ಹೋದ ಸಲದಂತೆ ಯಾರೂ ಗಲಾಟೆ ಮಾಡಲಿಲ್ಲ. ಚಾದರದ ಮೇಲೆ ಅವ್ವ ಬಂದಳು, ಒರತೆಯ ಕಥೆ ಹೇಳಿದಳು, ಬಲಗಡೆ ದೂರ ನೋಡಿದಳು. "ಈಗ ಯಾರು ತೋಡ್ತಾರೆ ಇದನ್ನ?"

ದಾರಿ ಶುರುವಾಯಿತು.

ಕೆಂಪು ಮಣ್ಣು, ಬರಿಗಾಲು, ಕಾಲಿನ ಸಪ್ಪಳ. ಎಲ್ಲರಿಗೂ ಗೊತ್ತಿರುವ ದಾರಿ, ಆದರೂ ಒಬ್ಬರೂ ಮಿಸುಕಲಿಲ್ಲ. ಹಿಂದಿನಿಂದ ಯಾರೋ "ಅದು ನಮ್ಮ ನಾಯಿ" ಎಂದರು. ಇರುವೆ ಸಾಲು ಬಂತು. ಕಾಲು ಎತ್ತರಕ್ಕೆ ಎದ್ದಿತು. ಕೂತಲ್ಲೇ ನನ್ನ ಕಾಲೂ ಎದ್ದಿತು. ಆಮೇಲೆ ಟೊಯೋಟಾ.

ಕೆಮ್ಮು ಕೇಳಿಸಿತು. ಫಿಲ್ಮಿನದೋ, ಚಾದರದ ಹಿಂದೆ ಕೂತಿದ್ದವನದೋ, ಎರಡೂವೋ ಹೇಳಲಾರೆ.

ಅವ್ವ ಎದ್ದಳು. ಅವಸರವೇನೂ ಮಾಡಲಿಲ್ಲ. ಕಂಬಳಿ ಸರಿಮಾಡಿಕೊಂಡು, ಕುರ್ಚಿ ತಿರುಗಿಸಿ, ಚಾದರಕ್ಕೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ಕೂತಳು. ಅವಳು ಕೂತ ಮೇಲೆಯೇ ಒರತೆ ಬಂತು. ಕೆಟೂರಾಳ ದನಿ ಕೇಳಿತು: "ಅಪ್ಪಾ, ಇದನ್ನ ಪ್ರತಿ ವರ್ಷ ಯಾರು ತೋಡೋದು?"

"ಕಣ್ಣು ಕಾಣಲ್ವಾ ನಿಂಗೆ? ನಾನೇ ತೋಡೋದು, ಮತ್ಯಾರು!"

ಊರೆಲ್ಲ ನಕ್ಕಿತು. ಮಗಳಿಗೆ ಅಪ್ಪ ಅಂದದ್ದಕ್ಕೆ ನಗುವ ಹಾಗೆ ನಕ್ಕಿತು. ಚಾದರದ ಬೆಳಕಿನಲ್ಲಿ ಅವ್ವನೂ ಕಂಬಳಿಯ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ತನ್ನ ಪ್ರಶ್ನೆಗೆ ಅವಳಿಗೆ ಉತ್ತರ ಸಿಕ್ಕಿತ್ತು, ಮರ್ಯಾದೆ ಹಾಗೆಯೇ ಇತ್ತು. ನಾನು ಮೂರು ನಿಮಿಷ ಅಂತ ಎಣಿಸಿ ತೆಗೆದದ್ದು, ಮುದುಕಿಯೊಬ್ಬಳು ಕುರ್ಚಿ ತಿರುಗಿಸಿಕೊಳ್ಳಲಿ ಎಂದು ಅವಳ ಮೊಮ್ಮಗಳು ಬಿಟ್ಟಿದ್ದ ಹೊತ್ತು. ಇವತ್ತಿನವರೆಗೆ ನನಗೆ ಅದು ಹೊಳೆದಿರಲಿಲ್ಲ.

ಅವ್ವನ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ಅಷ್ಟು ಮಬ್ಬುಗಣ್ಣಿಗೂ ಅವಳಿಗೆ ಅದು ಕಂಡಿತು.

"ನನ್ ಮುಖ ಏನ್ ನೋಡ್ತೀಯೇ?" ಎಂದಳು. "ನಾನು ನೋಡೋ ಹಾಗಿಲ್ಲ. ನೀನಾದ್ರೂ ಸರಿಯಾಗಿ ನೋಡಿ, ಆಮೇಲೆ ನಂಗೆ ಹೇಳು."

ಕೊನೆಯ ತನಕ ನೋಡಿದೆ. ನಾಳೆ ಬೆಳಗ್ಗೆ ಹೋಗಿ ಹೇಳಬೇಕು.